ಕೆಂಪು ಬಾರದ ಮೊಟ್ಟೆ

ನಮ್ಮೂರಿನ ಬಸ್ಸಿನಲ್ಲಿ ಕೆಂಪು ಮೂಡಿದ ಮೊಟ್ಟೆಗೆ ಅರ್ಧ ಟಿಕೆಟ್. ಮೂಡದ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹಾಕಿ ಸೀಟಿನ ಕೆಳಗೆ ತಳ್ಳಬಹುದು, ಅದಕ್ಕೆ ಕಂಡಕ್ಟರಾದ ನಾನು ಏನೂ ಕೇಳುವುದಿಲ್ಲ. ಮೂಡಿದ್ದನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಕು. ಬಸ್ಸು ತುಂಬಿದ್ದರೆ ಯಾರಾದರೂ ಎದ್ದು ಜಾಗ ಕೊಡುತ್ತಾರೆ. ಹೊರಗಿನಿಂದ ಬಂದವರು ಆಗಾಗ ಜಗಳ ತೆಗೆಯುವುದುಂಟು. "ಮೊಟ್ಟೆಗೆಂಥ ಟಿಕೆಟ್ರೀ?" ಎನ್ನುತ್ತಾರೆ. ನಾನು ತೊಡೆಯ ಮೇಲಿನ ಬುಟ್ಟಿಯ ಬಟ್ಟೆ ಸರಿಸಿ ತೋರಿಸುತ್ತೇನೆ. ನೋಡಿದ ಮೇಲೆ ಜಗಳ ಮುಂದುವರಿಸಿದವರನ್ನು ನಾನು ಕಂಡಿಲ್ಲ.

ಬಟ್ಟೆ ಸರಿಸಿದರೆ ಕಾಣುವುದು ಇಷ್ಟು. ನಮ್ಮೂರಿನಲ್ಲಿ ಕೋಳಿ ಕಾವಿಗೆ ಕೂತ ಕೆಲವು ದಿನಕ್ಕೆ ಮೊಟ್ಟೆಯ ಚಿಪ್ಪು ತೊಳೆದಿಟ್ಟ ಗಾಜಿನ ಲೋಟದಂತೆ ತಿಳಿಯಾಗುತ್ತದೆ. ಒಳಗೆ ಅವರೆಕಾಳಿನ ಹಾಗೆ ಬಾಗಿಕೊಂಡ ಮರಿ. ಅದರ ಬೆನ್ನಿನ ಉದ್ದಕ್ಕೂ, ಬೆನ್ನುಹುರಿಯ ಎರಡು ಬದಿಗೆ, ಮಣಿ ಪೋಣಿಸಿದಂತೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಆ ಗಂಟುಗಳಲ್ಲಿ ಮೊದಲು ನೀಲಿ ಬೆಳಕು ಮೂಡುತ್ತದೆ. ಕಾಲು ಎಲ್ಲಿದೆ, ರೆಕ್ಕೆ ಎಲ್ಲಿದೆ ಎಂದು ಮರಿಗೆ ತಿಳಿಸುವ ನರಕೋಶಗಳು ಅವು. ಆಮೇಲೆ ಹಸಿರು, ಯಾರಾದರೂ ಮುಟ್ಟಿದರೆ ತಿಳಿಯುವುದಕ್ಕೆ. ಎಲ್ಲಕ್ಕಿಂತ ಕೊನೆಗೆ ಕೆಂಪು. ಅದು ಬಿಸಿ ತಿಳಿಯುವುದಕ್ಕೆ, ನೋವು ತಿಳಿಯುವುದಕ್ಕೆ. ಕೆಂಪು ಮೂಡಿದ ಮೇಲೆ ಆ ಮೊಟ್ಟೆಯನ್ನು ಒಡೆಯುವಂತಿಲ್ಲ, ಬೇಯಿಸುವಂತಿಲ್ಲ, ಎಸೆಯುವಂತಿಲ್ಲ. ಈ ಕಟ್ಟಳೆ ಯಾವ ಕಾಲದ್ದು ಎಂದು ಕೇಳಿದರೆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಕೇಳಿದವರೂ ಕಡಿಮೆ. ಕೋಳಿಗೂಡಿಗೆ ದಪ್ಪ ಗೋಣಿಪರದೆ ಕಟ್ಟಬೇಕು, ಇಲ್ಲದಿದ್ದರೆ ಪಕ್ಕದ ಮನೆಯವರು ಬೆಳಕಿಗೆ ನಿದ್ದೆ ಬರುವುದಿಲ್ಲ ಎಂದು ಕೂಗಾಡುತ್ತಾರೆ. ಕರೆಂಟು ಹೋದ ಸಂಜೆ ಹೆಂಗಸರು ಕಾವಿನ ಕೋಳಿಯಿರುವ ಮನೆಗೆ ಹೋಗಿ ಸೊಪ್ಪು ಬಿಡಿಸಿಕೊಂಡು ಬರುತ್ತಾರೆ. ಹೀಗೆ ನಡೆದುಕೊಂಡು ಹೋಗುತ್ತದೆ.

ಕೆಂಪು ಮೂಡಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸ ನನ್ನ ಹೆಂಡತಿ ದಾಕ್ಷಾಯಿಣಿಯದು. ಮೊದಲು ಅವಳ ತಾಯಿ ಮಾಡುತ್ತಿದ್ದ ಕೆಲಸ, ಪುರಸಭೆಯ ಸಂಬಳ. ಬೆಳಿಗ್ಗೆ ಛತ್ರಿ ಹಿಡಿದು ಹೊರಟರೆ ಗೂಡಿನಿಂದ ಗೂಡಿಗೆ ಹೋಗಿ, ಪರದೆಯೊಳಗೆ ತಲೆ ಹಾಕಿ, "ಇದು ಬಂದೈತೆ, ಇದು ಬಂದಿಲ್ಲ" ಎಂದು ಹೇಳಿ ಬರುತ್ತಾಳೆ. ಅವಳು ಬಂದೈತೆ ಎಂದರೆ ಬಂತು. ಒಮ್ಮೆ ಹೋಟೆಲಿನ ಮಹದೇವಪ್ಪ ನಸುಗೆಂಪು ಇದ್ದದ್ದನ್ನು ಕಿತ್ತಳೆ ಬಣ್ಣ ಎಂದು ವಾದಿಸಿ ಬಾಣಲೆಗೆ ಹಾಕಲು ಹೋಗಿದ್ದ. ದಾಕ್ಷಾಯಿಣಿ ಅವನ ಹೋಟೆಲಿನ ಬಾಗಿಲಲ್ಲಿ ಕೂತಳು. ಆ ಮರಿ ಹೊರಗೆ ಬರುವವರೆಗೆ ಅವನ ವ್ಯಾಪಾರ ನಿಂತಿತ್ತು.

ದಾಕ್ಷಾಯಿಣಿ ನನ್ನ ಸೋದರಮಾವನ ಮಗಳು. ನಮಗೆ ಒಬ್ಬಳೇ ಮಗಳು, ಚಂಪಾ. ಚಂಪಾಗೆ ನೋವಾಗುವುದಿಲ್ಲ. ಹಲ್ಲು ಬರುವಾಗ ಅವಳು ತನ್ನ ಬೆರಳಿನ ತುದಿಯನ್ನೇ ಅಗಿದುಕೊಂಡು ನಗುತ್ತ ಕೂತಿದ್ದಳು. ಆಗ ನಮಗೆ ತಿಳಿಯಿತು. ನಡೆಯಲು ಕಲಿತ ಮೇಲೆ ಒಲೆಯ ಮೇಲಿದ್ದ ಹೆಂಚಿಗೆ ಅಂಗೈ ಒತ್ತಿ, ಅದರ ಗುರುತು ಕೈಯಲ್ಲಿ ಮೂಡಿದ್ದನ್ನು ತಂದು ತೋರಿಸಿದಳು. ಬೆವರುವುದೂ ಇಲ್ಲ, ಬೇಸಿಗೆಯಲ್ಲಿ ಮೈ ಕಾದು ಜ್ವರ ಬರುತ್ತದೆ. ಮುಟ್ಟಿದರೆ ತಿಳಿಯುತ್ತದೆ, ಕಚಗುಳಿ ಇಟ್ಟರೆ ಬಿದ್ದು ಬಿದ್ದು ನಗುತ್ತಾಳೆ, ಕಣ್ಣು ಮುಚ್ಚಿ ಗೆರೆಯ ಮೇಲೆ ನೇರ ನಡೆಯುತ್ತಾಳೆ. ನೋವು ಮಾತ್ರ ಇಲ್ಲ. ಡಾಕ್ಟರು ನರದ ತೊಂದರೆ ಎಂದರು. ಇನ್ನೊಬ್ಬ ಡಾಕ್ಟರೂ ನರದ ತೊಂದರೆ ಎಂದರು.

ನಾವು ಹೊಂದಿಕೊಂಡೆವು. ಮನೆಯ ಮೇಜು ಮಂಚಗಳ ಮೂಲೆಗಳಿಗೆಲ್ಲ ಹಳೆ ಸೀರೆ ಸುತ್ತಿದೆವು. ಸಂಜೆ ಶಾಲೆಯಿಂದ ಬಂದ ಕೂಡಲೇ ದಾಕ್ಷಾಯಿಣಿ ಅವಳನ್ನು ಹಿತ್ತಿಲಿನ ಕಟ್ಟೆಯ ಮೇಲೆ ನಿಲ್ಲಿಸಿ, ತಲೆಯಿಂದ ಅಂಗಾಲಿನವರೆಗೆ, ಬಾಯೊಳಗೆ, ಬೆರಳ ಸಂದಿಯಲ್ಲಿ, ಗಾಯ ಹುಡುಕುತ್ತಿದ್ದಳು. ಚಂಪಾಗೆ ಇದೆಂದರೆ ಆಗದು. ತಪ್ಪಿಸಿಕೊಂಡು ಓಡುವಳು, ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕು. ರಕ್ತ ಕಂಡ ಕೂಡಲೇ "ಅಯ್ಯೋ" ಎಂದು ಕೂಗಿ ಹತ್ತಿರದಲ್ಲಿರುವ ದೊಡ್ಡವರ ಬಳಿ ಹೋಗಬೇಕೆಂದು ಅವಳಿಗೆ ಬಾಯಿಪಾಠ ಮಾಡಿಸಿದ್ದೆವು. ಅವಳು ಅದನ್ನು ಹಾಜರಿ ಹೇಳಿದಂತೆ ಹೇಳುತ್ತಿದ್ದಳು. ಶಾಲೆಯಲ್ಲಿ ಹುಡುಗರು ಅವಳ ಕೈಗೆ ಬಿಸಿ ಡಬ್ಬಿ ಕೊಟ್ಟು ಎಷ್ಟು ಹೊತ್ತು ಹಿಡಿಯುತ್ತಾಳೆ ನೋಡುತ್ತಿದ್ದರು. ಅವಳು ಅವರಿಗೆ ಬೇಸರವಾಗುವವರೆಗೆ ಹಿಡಿಯುತ್ತಿದ್ದಳು.

ಜೆಸಿಂತಾ ಮೇಡಂ ನಮ್ಮೂರಿಗೆ ಬಂದದ್ದು ಚಂಪಾ ಎರಡನೇ ತರಗತಿಗೆ ಸೇರಿದ ವರ್ಷ. ಕರಾವಳಿ ಕಡೆಯವರು, ಯಾವುದೋ ದೊಡ್ಡ ಸಂಸ್ಥೆಯಲ್ಲಿ ವಿಜ್ಞಾನಿ. ನಿಂತುಹೋಗಿದ್ದ ಟೈಪಿಂಗ್ ಶಾಲೆಯ ಕೋಣೆ ಬಾಡಿಗೆಗೆ ಹಿಡಿದು ಅಲ್ಲಿ ಸೂಕ್ಷ್ಮದರ್ಶಕ, ಕಾವಿನ ಪೆಟ್ಟಿಗೆ ಎಲ್ಲ ಇಟ್ಟರು. ಬೇರೆ ಕಡೆ ಮರಿಯ ನರಕೋಶದಲ್ಲಿ ಯಾವ ಜೀನ್ ಯಾವಾಗ ಎಚ್ಚರವಾಗುತ್ತದೆ ಎಂದು ನೋಡಬೇಕಾದರೆ ಮೊಟ್ಟೆ ಒಡೆದು, ಮರಿಯನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಬೇಕಂತೆ. ಇಲ್ಲಿ ಚಿಪ್ಪಿನ ಹೊರಗಿನಿಂದಲೇ ಕಾಣುತ್ತದೆ. ಮೊದಲ ವಾರ ಅವರು ಊಟ ತಿಂಡಿ ಮರೆತು ರುದ್ರಮ್ಮನ ಕೋಳಿಗೂಡಿನಲ್ಲೇ ಕೂತಿದ್ದರು. ರುದ್ರಮ್ಮ ನಮ್ಮ ಪಕ್ಕದ ಮನೆಯವಳು, ಊರಿನಲ್ಲೇ ಹೆಚ್ಚು ಕೋಳಿ ಸಾಕಿದವಳು. "ಪಾಪ, ಅವರೂರಲ್ಲಿ ಕೋಳಿನೇ ಇಲ್ಲೇನೋ" ಎಂದು ಅವಳು ಬೆಲ್ಲದ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಆದರೆ ಬೆಳಕು ನೋಡಿದರೆ ಕೋಶ ಯಾವುದೆಂದು ಮಾತ್ರ ತಿಳಿಯುತ್ತದೆ. ಅದರೊಳಗೆ ಏನೇನು ನಡೆದಿದೆ ಎಂದು ತಿಳಿಯಲು ಕೋಶವನ್ನೇ ತೆಗೆದು ನೋಡಬೇಕು. ಮೇಡಂಗೆ ಬೇಕಾಗಿದ್ದದ್ದು ಕೆಂಪಿನ ವಿಷಯ. ಕೆಂಪು ಬರುವ ಮೊದಲಿನ ಮೊಟ್ಟೆ ಬೇಕಾದಷ್ಟು ಸಿಕ್ಕಿತು, ಬಂದ ಮೇಲಿನದು ಒಂದೂ ಸಿಗಲಿಲ್ಲ. ಅವರು ಪುರಸಭೆಗೆ ಅರ್ಜಿ ಕೊಟ್ಟರು. ಮರಿಯ ಒಪ್ಪಿಗೆಯನ್ನು ಲಗತ್ತಿಸಿ ಮತ್ತೆ ಸಲ್ಲಿಸಬೇಕೆಂದು ಉತ್ತರ ಬಂತು.

ಒಂದು ಮಧ್ಯಾಹ್ನ ಶಾಲೆ ಬಿಟ್ಟು ಚಂಪಾ ನನ್ನ ಬಸ್ಸು ಹತ್ತಿದಳು. ಮೇಡಂ ಮುಂದಿನ ಸೀಟಿನಲ್ಲಿದ್ದರು. ಚಂಪಾ ಕಂಬಿ ಹಿಡಿದು ನಿಂತು ಕೆಳಗೆ ನೋಡಿದಳು, ನೆಲದಲ್ಲಿ ರಕ್ತ ಕಂಡಿತು. "ಅಯ್ಯೋ" ಎಂದಳು, ಬಾಯಿಪಾಠದಂತೆ, ಮತ್ತು ಹತ್ತಿರದಲ್ಲಿದ್ದ ದೊಡ್ಡವರೆಂದು ಮೇಡಂ ಕಡೆ ತಿರುಗಿ ಕಾಲೆತ್ತಿ ತೋರಿಸಿದಳು. ಚಪ್ಪಲಿಯ ಮೂಲಕ ಒಂದು ಮೊಳೆ ಪಾದದೊಳಗೆ ಹೋಗಿತ್ತು. ನಾನು ಸೀಟಿ ಊದಿ ಬಸ್ಸು ನಿಲ್ಲಿಸಿದೆ.

ಮೇಡಂ ಮೊಳೆ ಕೀಳುವಾಗ ಅವಳ ಮುಖವನ್ನೇ ನೋಡುತ್ತಿದ್ದರು. ಚಂಪಾ ಅವರ ಕಿವಿಯ ಓಲೆಯನ್ನು ನೋಡುತ್ತಿದ್ದಳು.

"ಇವಳು ಬೆವರ್ತಾಳಾ?" ಎಂದು ಮೇಡಂ ನನ್ನನ್ನು ಕೇಳಿದರು.

"ಇಲ್ಲ ಮೇಡಂ."

ಅವರು ತಮ್ಮ ಕರವಸ್ತ್ರದಿಂದ ಅವಳ ಪಾದ ಕಟ್ಟಿದರು. ಆಮೇಲೆ, "ಸಂಜೆ ನಿಮ್ಮ ಮನೆಗೆ ಬರ್ತೇನೆ" ಎಂದರು.

ಬಂದು, ನಮ್ಮ ಜಗಲಿಯಲ್ಲಿ ಕೂತು, ಅವರು ಹೇಳಿದ್ದನ್ನು ನಾನು ನನಗೆ ತಿಳಿದಂತೆ ಹೇಳುತ್ತೇನೆ. ಎಲ್ಲ ಕೋಶದಲ್ಲೂ ಎಲ್ಲ ಜೀನೂ ಇರುತ್ತದಂತೆ, ಹೆಚ್ಚಿನವು ಮಲಗಿರುತ್ತವಂತೆ. ಯಾವುದು ಏಳುತ್ತದೆ ಎನ್ನುವುದರ ಮೇಲೆ ಅದು ಯಾವ ಕೋಶವೆಂದು ತೀರ್ಮಾನ. "ನೋವಿನ ಕೋಶದಲ್ಲಿ ಒಂದು ಜೀನ್ ಏಳ್ತದೆ ಮಾರಾಯ್ರೆ. ಅದರ ಕೆಲಸ ಕೋಶಕ್ಕೆ ಒಂದು ಬಾಯಿ ಕೊಡುವುದು. ಚರ್ಮದ ಕಡೆಯಿಂದ ಒಂದು ಆಹಾರ ಬರ್ತದೆ. ಬಾಯಿ ಇದ್ದ ಕೋಶ ಅದನ್ನು ತಿಂದು ಬದುಕ್ತದೆ. ಬಾಯಿ ಇಲ್ಲದ್ದು ಉಪವಾಸ ಬಿದ್ದು ಸಾಯ್ತದೆ. ಬೆವರು ತರಿಸುವ ನರಕ್ಕೂ ಅದೇ ಬಾಯಿ ಬೇಕು. ಚಂಪಾಗೆ ಹುಟ್ಟುವ ಮೊದಲೇ ಹಾಗೆ ಆಗಿದೆ ಅಂತ ನನಗೆ ಅನ್ನಿಸ್ತದೆ. ಕೋಳಿಯಲ್ಲೂ ಅದೇ ಜೀನು, ನಮ್ಮಲ್ಲೂ ಅದೇ."

"ಸರಿ ಮಾಡಬೌದಾ ಮೇಡಂ?" ಎಂದಳು ದಾಕ್ಷಾಯಿಣಿ.

"ಚಂಪಾಗೆ ಇಲ್ಲ. ಸುಳ್ಳು ಹೇಳುವುದಿಲ್ಲ."

ದಾಕ್ಷಾಯಿಣಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಆಗ ಅವಳಿಗೆ ಮೂರು ತಿಂಗಳು. ಊರಿಗೆ ಇನ್ನೂ ಹೇಳಿರಲಿಲ್ಲ. "ಇದಕ್ಕೆ?"

ಮೇಡಂ ಅವಳ ಹೊಟ್ಟೆ ನೋಡಿದರು, ನನ್ನ ಮುಖ ನೋಡಿದರು. ನಾವು ಸಂಬಂಧಿಕರೇ ಎಂದು ಕೇಳಿದರು. ಹೌದು ಎಂದೆ. "ಇದಕ್ಕೂ ಹಾಗೇ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು" ಎಂದರು.

ಚಂಪಾಳ ರಕ್ತ ಪರೀಕ್ಷೆಗೆ ಹೋಯಿತು. ಹೊಟ್ಟೆಯಲ್ಲಿರುವ ಮಗುವನ್ನೂ ಪರೀಕ್ಷೆ ಮಾಡಬಹುದಂತೆ, ಆದರೆ ಚಂಪಾಳ ಜೀನಿನಲ್ಲಿ ಎಲ್ಲಿ ಕೆಟ್ಟಿದೆ ಎಂದು ಮೊದಲು ಸಿಗಬೇಕು. ಫಲಿತಾಂಶ ಬಂದ ದಿನ ಮೇಡಂ ಬಸ್‌ಸ್ಟ್ಯಾಂಡಿಗೇ ಬಂದರು. ಜೀನ್ ಸರಿಯಾಗಿಯೇ ಇದೆ, ಎಲ್ಲೂ ಹರಿದಿಲ್ಲ ಎಂದರು. ನಾನು ಖುಷಿಪಟ್ಟೆ. ಅವರು ಖುಷಿಪಡಲಿಲ್ಲ. "ಜೀನ್ ಉಂಟು, ಏಳ್ಲಿಲ್ಲ. ಅದನ್ನು ಎಬ್ಬಿಸಬೇಕಾದವರು ಯಾರೋ ಬರ್ಲಿಲ್ಲ. ಯಾರು ಅಂತ ನಮಗೆ ಗೊತ್ತಿಲ್ಲ. ಗೊತ್ತಾಗದೆ ಮಗುವಿನ ಪರೀಕ್ಷೆ ಮಾಡ್ಲಿಕ್ಕೆ ಬರುವುದಿಲ್ಲ. ಕೆಂಪೇ ಬಾರದ ಒಂದು ಮೊಟ್ಟೆ ಸಿಕ್ಕಿದ್ದರೆ, ಅದನ್ನು ತೆರೆದು ನೋಡಬಹುದಿತ್ತು."

ಕೆಂಪು ಬಾರದ ಮೊಟ್ಟೆ ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಸ್ವಲ್ಪ ದಿನಕ್ಕೇ ರುದ್ರಮ್ಮನ ಮನೆಯಲ್ಲಿ ಸಿಕ್ಕಿತು. ಬೂದು ಬಣ್ಣದ ಕೋಳಿಯ ಮೊಟ್ಟೆ. ಜೊತೆಯ ಮೊಟ್ಟೆಗಳೆಲ್ಲ ಕೆಂಪಾಗಿ, ಒಂದು ಮಾತ್ರ ನೀಲಿ ಹಸಿರಿನಲ್ಲೇ ನಿಂತಿತ್ತು. ತಡವಾಗಿದೆಯೆಂದು ರುದ್ರಮ್ಮ ಕಾದಳು. ಮರಿಗೆ ಪುಕ್ಕ ಬಂತು, ಕೊಕ್ಕು ಬಂತು, ಕಾಲಿಗೆ ಉಗುರು ಬಂತು. ಕೆಂಪು ಬರಲಿಲ್ಲ.

ಸುದ್ದಿ ಹಬ್ಬಿ ಊರಿನವರಿಗೆಲ್ಲ ಒಂದು ರೀತಿ ಸಮಾಧಾನವಾಯಿತು. ಜೆಸಿಂತಾ ಮೇಡಂ ಅಷ್ಟು ದಿನ ಕಾದಿದ್ದಾರೆ, ಒಳ್ಳೆಯವರು, ಚಂಪಾಳ ವಿಷಯ ಎಲ್ಲರಿಗೂ ಗೊತ್ತು. ಕಟ್ಟಳೆ ಹೇಳುವುದು ಕೆಂಪು ಬಂದದ್ದನ್ನು ಒಡೆಯಬಾರದೆಂದು. ಬಾರದ್ದನ್ನು ಒಡೆಯಬಹುದು. ಯಾರ ಮನಸ್ಸೂ ನೋಯದಂತೆ ಕೆಲಸ ಆಗುತ್ತದೆ. ಪುರಸಭೆ ಅಧ್ಯಕ್ಷ ಶೇಖರಪ್ಪ ತಾವೇ ಬರುತ್ತೇನೆಂದರು. ದಾಕ್ಷಾಯಿಣಿ ನೋಡಿ, ಬಂದಿಲ್ಲ ಎಂದು ಒಂದು ಮಾತು ಹೇಳಿದರೆ ಆಯಿತು.

ಮಧ್ಯಾಹ್ನ ರುದ್ರಮ್ಮನ ಅಂಗಳದಲ್ಲಿ ಜನ ಸೇರಿದ್ದರು. ಮೇಡಂ ಮಂಜುಗಡ್ಡೆಯ ಪೆಟ್ಟಿಗೆ, ಚಿಮುಟ, ಗಾಜಿನ ತಟ್ಟೆ ತಂದು ಜಗಲಿಯಲ್ಲಿ ಇಟ್ಟುಕೊಂಡಿದ್ದರು. ನಾನು ಎರಡನೇ ಟ್ರಿಪ್ಪಿನ ನಡುವೆ ಬಸ್ಸು ರಸ್ತೆಯಲ್ಲೇ ನಿಲ್ಲಿಸಿಸಿ ಬಂದೆ, ಪ್ರಯಾಣಿಕರೂ ಇಳಿದು ಬಂದರು. ರುದ್ರಮ್ಮ ಮೊಟ್ಟೆಯನ್ನು ಹತ್ತಿಯ ಮೇಲಿಟ್ಟು ತಂದಳು.

"ನೋಡವ್ವಾ ದಾಕ್ಷಿ, ನೀಲಿ ಐತೆ, ಹಸಿರೈತೆ. ಇನ್ನೇನು ಮರಿ ಹೊರಗೆ ಬರೋ ಹೊತ್ತು. ಕೆಂಪು ಅಂಬೋದು ಒಂದು ಚುಕ್ಕೆ ಇಲ್ಲ."

ದಾಕ್ಷಾಯಿಣಿ ಮೊಟ್ಟೆಯನ್ನು ಕೈಗೆ ತೆಗೆದುಕೊಂಡು ನೆರಳಿಗೆ ಹೋದಳು. ಮರಿ ಒಳಗೆ ಒಂದು ಸಲ ಹೊರಳಿ ಕೊಕ್ಕು ಆಡಿಸಿತು. ಅಷ್ಟರಲ್ಲಿ ಚಂಪಾ ಜನರ ಕಾಲುಗಳ ನಡುವೆ ನುಗ್ಗಿ ಮುಂದೆ ಬಂದಳು. ಮೊಣಕೈಯಲ್ಲಿ ತರಚಿದ ಗಾಯವಿತ್ತು, ಅದು ಅವಳಿಗೆ ಗೊತ್ತಿರಲಿಲ್ಲ.

"ಅವ್ವಾ, ಅದಕ್ಕೆ ಕೆಂಪಿಲ್ವಂತೆ. ನನ್ನಂಗೇ ಅಲ್ವಾ?"

ಮಹದೇವಪ್ಪ ಒಳ್ಳೆಯ ಮನಸ್ಸಿನಿಂದಲೇ, "ಅದಕ್ಕೆ ನೋಯಂಗಿಲ್ಲ ಪುಟ್ಟಿ. ಏನು ಮಾಡಿದ್ರೂ ನೋಯಂಗಿಲ್ಲ. ಅದಕ್ಕೇ ಒಡೀಬೌದು" ಎಂದ. ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವನ ಕಿವಿಗೇ ಬಿತ್ತೆಂದು ಕಾಣುತ್ತದೆ, ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

ದಾಕ್ಷಾಯಿಣಿ ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿದಳು.

"ಕೆಂಪು ಬಂದೈತೆ" ಎಂದಳು.

ಶೇಖರಪ್ಪ ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು. "ದಾಕ್ಷಾಯಿಣಮ್ಮಾ, ಇನ್ನೊಂದ್ಸಲ ನೋಡ್ರಿ. ನನ್ನ ಕಣ್ಣಿಗೇನೂ ಕಾಣ್ತಿಲ್ಲ."

"ನೋಡಾಕೆ ಪುರಸಭೆ ಸಂಬಳ ಕೊಡೋದು ನನ್ನ ಕಣ್ಣಿಗೆ, ಯಜಮಾನ್ರೆ. ಬಂದೈತೆ."

ಕೆಂಪು ಅಲ್ಲಿ ಇರಲಿಲ್ಲ. ಸುತ್ತ ನಿಂತವರೆಲ್ಲ ನೋಡಿದ್ದರು, ನಾನೂ ನೋಡಿದ್ದೆ. ಶೇಖರಪ್ಪ ಸುತ್ತಲಿನ ಮುಖಗಳನ್ನು ನೋಡಿದರು. ಅವರು ಅವಳನ್ನು ಮೀರುವುದು ಸಾಧ್ಯವಿರಲಿಲ್ಲ, ಅದಕ್ಕೆ ದಾರಿಯನ್ನು ಯಾರೂ ಮಾಡಿಟ್ಟಿರಲಿಲ್ಲ. "ಹಂಗಾರೆ ಬಂದೈತೆ" ಎಂದು ಹೇಳಿ ಹೊರಟರು. ಜನರೂ ಒಬ್ಬೊಬ್ಬರಾಗಿ ಚದುರಿದರು, ಪ್ರಯಾಣಿಕರು ಬಸ್ಸು ಹತ್ತಿದರು.

ಮೇಡಂ ಮಾತ್ರ ಜಗಲಿಯಿಂದ ಏಳಲಿಲ್ಲ. ಅವರ ಮುಖ ಕೆಂಪಾಗಿತ್ತು. "ನಾನು ನನಗೋಸ್ಕರ ಕೇಳಿದ್ದಲ್ಲ ದಾಕ್ಷಾಯಿಣಿ. ನಿಮ್ಮ ಹೊಟ್ಟೆಯಲ್ಲಿರುವುದಕ್ಕೆ ಕೇಳಿದ್ದು. ನಿಮಗೆ ಗೊತ್ತುಂಟು."

"ಗೊತ್ತು ಮೇಡಂ" ಎಂದಳು ದಾಕ್ಷಾಯಿಣಿ. ಮೊಟ್ಟೆಯನ್ನು ರುದ್ರಮ್ಮನಿಗೆ ಕೊಟ್ಟು, ಚಂಪಾಳ ಮೊಣಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಮನೆಯಲ್ಲಿ ನಾನು ಜಗಳ ಮಾಡಿದೆ. ಮದುವೆಯಾದಾಗಿನಿಂದ ನಾವು ಅಷ್ಟು ಜೋರಾಗಿ ಜಗಳವಾಡಿರಲಿಲ್ಲ. ಊರೆದುರಿಗೆ ಸುಳ್ಳು ಹೇಳಿದ್ದು ಒಂದು, ಹುಟ್ಟುವ ಮಗುವಿಗೆ ಇದ್ದ ಒಂದೇ ದಾರಿ ಮುಚ್ಚಿದ್ದು ಇನ್ನೊಂದು. "ಹೊಟ್ಟೇಲಿರೋದರ ಬಗ್ಗೆ ಒಂಚೂರಾದ್ರೂ ಯೋಚ್ನೆ ಮಾಡಿದ್ಯಾ?" ಎಂದೆ.

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. "ಮಾಡೇ ಹೇಳಿದ್ದು ಕಣ್ರೀ. ಇದಕ್ಕೂ ಬರದೇ ಇರಬೌದಲ್ಲ? ಕೆಂಪಿಲ್ಲದ್ದನ್ನ ಒಡೀಬೌದು ಅಂತ ಇವತ್ತು ನನ್ನ ಬಾಯಲ್ಲೇ ಹೇಳಿದ್ರೆ, ನಾಳೆ ಹುಟ್ಟಿದ್ದನ್ನ ಯಾವ ಮುಖ ಇಟ್ಕಂಡು ಎತ್ಕಳ್ಳಲಿ? ಚಂಪಾ ಅಲ್ಲೇ ನಿಂತಿದ್ಲು. ಅವಳು ಕೇಳಿಸ್ಕಂತಿದ್ಲು."

ಎದ್ದು ಹೋಗಿ ಸೈಕಲ್ಲಿಗೆ ಗಾಳಿ ಹಾಕಿದೆ, ಅದರಲ್ಲಿ ಗಾಳಿ ಮೊದಲೇ ಇತ್ತು.

ಮರಿ ಹೊರಬಂತು. ರುದ್ರಮ್ಮ ಅದನ್ನು ಚಂಪಾಗೇ ಕೊಟ್ಟಳು, ಉಳಿದ ಮರಿಗಳು ಅದನ್ನು ಕುಕ್ಕಿ ಕುಕ್ಕಿ ರಕ್ತ ಬರಿಸಿದರೂ ಅದು ನಿಂತಲ್ಲಿಂದ ಅಲುಗುತ್ತಿರಲಿಲ್ಲವೆಂದು. ಚಂಪಾ ಅದಕ್ಕೆ ಗುಂಡ ಎಂದು ಹೆಸರಿಟ್ಟು ಬುಟ್ಟಿಯಲ್ಲಿ ಇಟ್ಟುಕೊಂಡಳು. ಶಾಲೆಗೂ ಒಯ್ದಳು. ಗುಂಡ ಒಲೆಯ ಬೂದಿಗೆ ನುಗ್ಗಿತು, ಬಾಗಿಲಿನ ಸಂದಿಗೆ ಕಾಲು ಕೊಟ್ಟಿತು, ಎಲ್ಲದರಿಂದಲೂ ಏನೂ ಆಗದಂತೆ ಹೊರಗೆ ಬಂದು ಕಾಳು ಹೆಕ್ಕಿತು. ಚಂಪಾ ಅದರ ಧೈರ್ಯವನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಬಿಸಿಲು ಏರಿದ ಒಂದು ರವಿವಾರ ಗುಂಡ ಹಿತ್ತಿಲಿನ ತಗಡಿನ ಚಾವಣಿಯ ಮೇಲೆ ಹೋಗಿ ಕೂತಿತು. ಕೋಳಿಗಳು ಆ ಹೊತ್ತಿಗೆ ತಗಡಿನ ಹತ್ತಿರ ಸುಳಿಯುವುದಿಲ್ಲ. ಚಂಪಾ ಕೆಳಗಿನಿಂದ ಕರೆದಳು. ಅದು ಅವಳ ಕಡೆ ನೋಡಿತು, ಏಳಲಿಲ್ಲ, ಹಾಯಾಗಿ ರೆಕ್ಕೆ ಹರಡಿ ಕೂತೇ ಇತ್ತು. ಅವಳು ಏಣಿ ಹತ್ತಿ ತರುವ ಹೊತ್ತಿಗೆ ಕುತ್ತಿಗೆ ಜೋತುಬಿದ್ದಿತ್ತು. ಚಂಪಾ ಅದನ್ನು ತಿರುಗಿಸಿ ಹೊಟ್ಟೆಯ ಕೆಳಗೆ ನೋಡಿದಳು. ಬೆಂದಿತ್ತು.

ಅವಳು ಅಳಲಿಲ್ಲ. ಬಹಳ ಹೊತ್ತು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಅದಕ್ಕೆ ಯಾರೂ ಹೇಳ್ಲಿಲ್ಲ" ಎಂದಳು. ಏನು ಹೇಳಲಿಲ್ಲ ಎಂದು ನಾನು ಕೇಳಿದೆ. "ಎದ್ದೇಳು ಅಂತ. ಒಳಗಿಂದ."

ಆ ಸಂಜೆ ದಾಕ್ಷಾಯಿಣಿ ಕರೆಯುವ ಮೊದಲೇ ಅವಳು ಕಟ್ಟೆಯ ಮೇಲೆ ಹತ್ತಿ ಎರಡೂ ಕೈ ಚಾಚಿ ನಿಂತಿದ್ದಳು. ಅಂದಿನಿಂದ ಅಟ್ಟಿಸಿಕೊಂಡು ಹೋಗುವ ಕೆಲಸ ತಪ್ಪಿತು. ಶಾಲೆಯಲ್ಲಿ ಯಾರೋ ಬಿಸಿ ಡಬ್ಬಿ ಕೊಟ್ಟಾಗ, ಹಬೆ ಬರುತ್ತಿದೆ, ಒಲ್ಲೆ ಎಂದಳಂತೆ.

ಜೆಸಿಂತಾ ಮೇಡಂ ಆ ಜಗಲಿಯ ದಿನದ ನಂತರ ಊರು ಬಿಟ್ಟು ಹೋಗುತ್ತಾರೆಂದು ನಾವೆಲ್ಲ ತಿಳಿದಿದ್ದೆವು. ಅವರ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹಾಕಲು ನಾನು ಹಗ್ಗ ಕೂಡ ತೆಗೆದಿಟ್ಟಿದ್ದೆ. ಅವರು ಹೋಗಲಿಲ್ಲ. ಕೆಲವು ದಿನ ನಮ್ಮ ಮನೆಯ ಮುಂದೆ ಬರದೆ ಸುತ್ತು ಹಾಕಿ ಹೋಗುತ್ತಿದ್ದರು. ಗುಂಡ ಸತ್ತದ್ದನ್ನು ಕೇಳಿ ಬಂದರು. ಚಂಪಾಳ ಪಕ್ಕದಲ್ಲಿ ಕೂತರು, ಅವಳ ತಲೆ ಸವರಿದರು. ಹೊರಡುವಾಗ ರುದ್ರಮ್ಮನ ಗೂಡಿನ ಕಡೆ ಹೋಗಿ, ಅದೇ ಬೂದು ಕೋಳಿಯನ್ನು ಅದೇ ಹುಂಜದ ಜೊತೆ ಬಿಟ್ಟು ಇನ್ನೊಮ್ಮೆ ಕಾವಿಗೆ ಕೂರಿಸಲು ಆಗುತ್ತದಾ ಎಂದು ಕೇಳಿದರು. ಒಡೆಯುವುದಿಲ್ಲ, ಮುಟ್ಟುವುದೂ ಇಲ್ಲ, ಮೊದಲ ದಿನದಿಂದ ಪಕ್ಕದಲ್ಲಿ ಕೂತು ನೋಡುತ್ತೇನೆ ಅಷ್ಟೇ ಎಂದರು.

ಹಾಗೆಯೇ ಮಾಡಿದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದ ಟೈಪಿಂಗ್ ಶಾಲೆಯ ಕೋಣೆಯಲ್ಲಿ, ಹಗಲೆಲ್ಲ, ಮಸೂರ ಹಿಡಿದು. ದಾಕ್ಷಾಯಿಣಿ ಮಧ್ಯಾಹ್ನ ಅವರಿಗೆ ಮುದ್ದೆ ಸಾರು ಒಯ್ಯುತ್ತಿದ್ದಳು. ಹೊಟ್ಟೆ ದೊಡ್ಡದಾಗಿತ್ತು, ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದಳು.

ಒಂದು ದಿನ ನಮ್ಮ ಬಸ್ಸು ತಿರುಗುತ್ತಿದ್ದಾಗ ದಾಕ್ಷಾಯಿಣಿ ರಸ್ತೆಗೆ ಬಂದು ಕೈ ಮಾಡಿದಳು. ಏನೋ ಆಯಿತೆಂದು ಇಳಿದು ಓಡಿದೆ. ಅವಳು ನನ್ನನ್ನು ಆ ಕತ್ತಲೆ ಕೋಣೆಗೆ ಕರೆದುಕೊಂಡು ಹೋದಳು. ಮೇಡಂ ಮಸೂರ ಹಿಡಿದು ಬಗ್ಗಿ ಕೂತಿದ್ದರು. ಒಂದು ಮೊಟ್ಟೆಯನ್ನು ತೋರಿಸಿದರು. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು. ಮರಿಯ ಬೆನ್ನಿನ ಗಂಟುಗಳಲ್ಲಿ, ನೀಲಿ ಹಸಿರಿನ ಪಕ್ಕದಲ್ಲಿ, ಕೆಂಪು. ತೀರ ಸಣ್ಣದು, ಒಂದೊಂದೇ ಚುಕ್ಕೆ. ಒಂದು ಹತ್ತುತ್ತಿತ್ತು, ಸ್ವಲ್ಪ ಹೊತ್ತು ಇರುತ್ತಿತ್ತು, ಆರುತ್ತಿತ್ತು. ಅದರ ಕೆಳಗಿನ ಗಂಟಿನಲ್ಲಿ ಇನ್ನೊಂದು ಹತ್ತಿ, ಅದೂ ಆರುತ್ತಿತ್ತು. ಬಾಲದ ತುದಿಯವರೆಗೆ ಹಾಗೆಯೇ ಹೋಗಿ ಎಲ್ಲ ನಿಂತಿತು. ಆಮೇಲೆ ಆ ಮೊಟ್ಟೆ ರುದ್ರಮ್ಮ ತೋರಿಸಿದ್ದ ಮೊಟ್ಟೆಯಂತೆಯೇ ಕಾಣುತ್ತಿತ್ತು.

"ಏಳ್ಲಿಲ್ಲ ಅಂತ ಅಂದುಕೊಂಡಿದ್ದೆ" ಎಂದರು ಮೇಡಂ. "ಎದ್ದಿತ್ತು. ಎದ್ದು, ನಿಲ್ಲಲಿಕ್ಕಾಗದೆ ಮತ್ತೆ ಮಲಗಿತು. ಆವತ್ತು ಆ ಮೊಟ್ಟೆ ಒಡೆದಿದ್ದರೆ ನನಗೆ ಏನೂ ಸಿಗ್ತಿರಲಿಲ್ಲ, ಅಷ್ಟು ಹೊತ್ತಿಗೆ ಅಲ್ಲಿ ಕೋಶಗಳೇ ಉಳಿದಿರಲಿಲ್ಲ. ಎಬ್ಬಿಸುವವರನ್ನು ಹುಡುಕುವುದಲ್ಲ, ಎದ್ದದ್ದನ್ನು ಎಚ್ಚರ ಇಡುವವರನ್ನು ಹುಡುಕಬೇಕು."

"ಚಂಪಾಗೂ ಬಂದಿತ್ತಾ ಹಂಗಾರೆ?" ಎಂದಳು ದಾಕ್ಷಾಯಿಣಿ.

"ಬಂದಿತ್ತು."

ದಾಕ್ಷಾಯಿಣಿ ಕುರ್ಚಿಯ ಹಿಡಿ ಹಿಡಿದುಕೊಂಡು ಕೂತಳು. ಅವಳು ಅತ್ತದ್ದನ್ನು ನಾನು ಆ ಕತ್ತಲಲ್ಲಿ ನೋಡಲಿಲ್ಲ, ಕೇಳಿಸಿತು. ಹೊರಗೆ ನನ್ನ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ.

ಅದರಿಂದ ನಮ್ಮ ಮಗುವಿನ ಬಗ್ಗೆ ಏನೂ ತಿಳಿಯಲಿಲ್ಲ. ಹುಡುಕಲು ವರ್ಷಗಳೇ ಬೇಕು ಎಂದು ಮೇಡಂ ಹೇಳಿದರು. ಆದ್ದರಿಂದ ಎಲ್ಲರ ಮನೆಯಲ್ಲಿ ಕಾಯುವಂತೆ ನಾವೂ ಕಾದೆವು. ಕೆಂಪು ಆರಿದ ಆ ಕೋಳಿಮರಿ ಹುಟ್ಟಿದಾಗ ಊರಿನವರು ಸರದಿಯ ಮೇಲೆ ಅದನ್ನು ನೋಡಿಕೊಂಡರು. ಮಹದೇವಪ್ಪ ತನ್ನ ಸರದಿಯಲ್ಲಿ ಅದನ್ನು ಗಲ್ಲಾದ ಮೇಲೆ ಕೂರಿಸಿಕೊಳ್ಳುತ್ತಿದ್ದ. ಪುರಸಭೆ ಸಭೆ ಸೇರಿ, ಮರಿಗೆ ಪುಕ್ಕ ಮೂಡಿದ ಮೇಲೆ ಕೆಂಪು ಕಾಣಲಿ ಬಿಡಲಿ, ಬಂದಂತೆಯೇ ಲೆಕ್ಕ ಎಂದು ತೀರ್ಮಾನ ಮಾಡಿತು. ಯಾರೂ ವಿರೋಧಿಸಲಿಲ್ಲ.

ದಾಕ್ಷಾಯಿಣಿಗೆ ನೋವು ಬಂದದ್ದು ಬೆಳಗಿನ ಹೊತ್ತು. ನನ್ನ ಬಸ್ಸಿನಲ್ಲೇ ಆಸ್ಪತ್ರೆಗೆ ಹೋದೆವು. ಹೆಣ್ಣು ಮಗು. ಹುಟ್ಟಿದ ಕೂಡಲೇ ಅತ್ತಿತು, ಆದರೆ ಚಂಪಾ ಕೂಡ ಹುಟ್ಟಿದಾಗ ಅತ್ತಿದ್ದಳು. ಅದರಿಂದ ಏನೂ ಹೇಳುವಂತಿರಲಿಲ್ಲ. ನಾನು ಚಂಪಾಳನ್ನು ಕರೆದುಕೊಂಡು ಒಳಗೆ ಹೋದಾಗ ಮೇಡಂ ಆಗಲೇ ಬಂದು ಗೋಡೆಗೆ ಒರಗಿ ನಿಂತಿದ್ದರು. ಮಗು ದಾಕ್ಷಾಯಿಣಿಯ ಪಕ್ಕದಲ್ಲಿ ಬಟ್ಟೆಯೊಳಗೆ ಮಲಗಿತ್ತು. ಯಾರೂ ಅದನ್ನು ಗಟ್ಟಿಯಾಗಿ ಮುಟ್ಟುತ್ತಿರಲಿಲ್ಲ.

ನರ್ಸಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ, ಅವಳು ಆ ವಾರವಷ್ಟೇ ವರ್ಗವಾಗಿ ಬಂದವಳು. ಟ್ರೇ ಹಿಡಿದು ಬಂದು, "ರಕ್ತ ತಗೀಬೇಕು, ಕಾಲು ಬಿಡಿಸಿ" ಎಂದಳು. ದಾಕ್ಷಾಯಿಣಿ ನನ್ನ ಕೈ ಹಿಡಿದುಕೊಂಡಳು. ನರ್ಸಮ್ಮ ಮಗುವಿನ ಹಿಮ್ಮಡಿ ಒರೆಸಿ, ಸೂಜಿ ಚುಚ್ಚಿದಳು.

ಮಗುವಿನ ಬಾಯಿ ಮೊದಲು ಅಗಲವಾಯಿತು, ದನಿ ಬರಲಿಲ್ಲ. ಆಮೇಲೆ ಬಂತು. ಕೋಣೆ ತುಂಬ, ಹೊರಗಿನ ಸಾಲಿನವರೆಗೆ ಕೇಳಿಸುವಂತೆ, ಮೈಯೆಲ್ಲ ಕೆಂಪಾಗಿ, ಚುಚ್ಚಿದ ಕಾಲನ್ನು ಎಳೆದುಕೊಂಡು ಅದು ಕಿರುಚಿತು. ಮೇಡಂ ಮುಖ ಗೋಡೆಗೆ ತಿರುಗಿಸಿದರು. ನಾನು ನಕ್ಕೆನೋ ಏನೋ, "ಮಗು ಅಳ್ತಿದ್ರೆ ನಗ್ತ ನಿಂತಿದೀರಲ್ಲ, ನೀವೆಂಥ ಅಪ್ಪ" ಎಂದು ನರ್ಸಮ್ಮ ಬೈದಳು. ದಾಕ್ಷಾಯಿಣಿ ನಗಲಿಲ್ಲ. ಅವಳು ಚಂಪಾಳ ಮುಖವನ್ನೇ ನೋಡುತ್ತಿದ್ದಳು. ತಂಗಿ ತನ್ನಂತಿಲ್ಲವೆಂದು ಅಪ್ಪ ನಗುವುದು ಚಂಪಾಗೆ ಕಾಣುತ್ತಿದೆ ಎಂದು ನನಗೂ ಆಗ ಹೊಳೆಯಿತು, ನನ್ನ ನಗು ನಿಂತಿತು.

ಚಂಪಾ ಮಂಚದ ಹತ್ತಿರ ಹೋಗಿ, ಸೂಜಿ ಚುಚ್ಚಿದ ಜಾಗವನ್ನು ಬಗ್ಗಿ ನೋಡಿದಳು. ಒಂದು ಹನಿ ರಕ್ತ ಇತ್ತು. ಕಿರುಚುತ್ತಿದ್ದ ತಂಗಿಯ ಮುಖ ನೋಡಿದಳು, ಮತ್ತೆ ಕಾಲು ನೋಡಿದಳು.

"ಇಷ್ಟಕ್ಕೇನಾ?" ಎಂದು ಕೇಳಿದಳು.

"ಹೂಂ ಕಣವ್ವಾ" ಎಂದಳು ದಾಕ್ಷಾಯಿಣಿ.

"ಯಾವಾಗ್ಲೂ ಹಿಂಗೇ ಆಗ್ತೈತಾ ಇವಳಿಗೆ?"

"ಯಾವಾಗ್ಲೂ."

ಚಂಪಾ ಆ ಸಣ್ಣ ಹಿಮ್ಮಡಿಯನ್ನು ತನ್ನ ಗಾಯದ ಬೆರಳುಗಳೊಳಗೆ ಮೆತ್ತಗೆ ಮುಚ್ಚಿ ಹಿಡಿದುಕೊಂಡಳು.

"ಪಾಪ" ಎಂದಳು. "ಇವಳನ್ನ ಭಾಳ ಹುಷಾರಾಗಿ ನೋಡ್ಕಬೇಕಾಗ್ತೈತೆ ಅವ್ವಾ."